ಗೂಟಕ್ಕೆ ತೂಗಿದ ಕರಡಿಗೆ

ಮಾಮಾ ಬಲಗೈ ಮುಷ್ಟಿ ಕಟ್ಟಿದರೆ ನಡುಬೆರಳಿನ ಗೆಣ್ಣು ಮೇಲೇಳುತ್ತಿರಲಿಲ್ಲ. ಉಳಿದ ಗೆಣ್ಣುಗಳು ಉಬ್ಬಿ ನಿಂತರೆ ಅದೊಂದು ಒಳಕ್ಕೆ ಕುಸಿದು ಸಣ್ಣ ಗುಂಡಿಯಾಗಿತ್ತು. ನಮ್ಮೂರು ಕುಲಗೋಡದ ಚಿಕ್ಕ ಮಕ್ಕಳು ಆ ಗುಂಡಿಯಲ್ಲಿ ಶೇಂಗಾಕಾಳು ಇಟ್ಟು ಆಡುತ್ತಿದ್ದರು, ಅವನೂ ಆಡಲು ಬಿಡುತ್ತಿದ್ದ. ಆದರೆ ದೊಡ್ಡವರು ಯಾರಾದರೂ ಅದು ಹೇಗಾಯಿತೆಂದು ಕೇಳಿದರೆ ಅದೇ ಕೈ ಅವರ ಕಪಾಳದ ಕಡೆಗೆ ಹೊರಡುತ್ತಿತ್ತು. ನಾನು ಕೇಳುವ ಪ್ರಸಂಗವೇ ಬರಲಿಲ್ಲ. ಅದು ಮುರಿದಾಗ ನಾನು ಪಕ್ಕದಲ್ಲೇ ಇದ್ದೆ.

ಅವನು ನನ್ನ ತಾಯಿಯ ತಮ್ಮ, ನನಗಿಂತ ನಾಲ್ಕಾರು ವರ್ಷಕ್ಕೆ ಹಿರಿಯ. ನಮ್ಮ ಕಡೆಯಿಂದ ಪುಣೆಯ ಕಾಲೇಜು ಕಂಡ ಮೊದಲ ಮನುಷ್ಯ. ಅವನಿನ್ನೂ ಬಿ.ಎ. ಓದುತ್ತಿದ್ದಾಗಲೇ ಊರವರು ‘ವಕೀಲರ’ ಎಂದು ಕರೆಯತೊಡಗಿದ್ದರು. ನನ್ನ ಮ್ಯಾಟ್ರಿಕ್ ಮುಗಿದಾಗ ಅಜ್ಜ ನನ್ನನ್ನೂ ಒಂದು ರೊಟ್ಟಿಯ ಗಂಟಿನೊಡನೆ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿ ಅವನ ಖೋಲಿಗೆ ಕಳಿಸಿದ.

ಆ ಕಾಲೇಜು ಒಂದು ಪೇಟೆಯಷ್ಟು ದೊಡ್ಡದಿತ್ತು. ಟೆನಿಸ್ ಆಡಿದವರಿಗೆ ಚಹಾಪಾರ್ಟಿ, ನಾಟಕ ಮಾಡಿದವರಿಗೆ ಊಟದ ಪಾರ್ಟಿ, ಇನಾಮದಾರರ ಮಕ್ಕಳಿಗೆ ಕಾರಣವೇ ಇಲ್ಲದ ಬ್ರಾಂಡಿ ಪಾರ್ಟಿ. ಓದುವವರು ಅತ್ತ ಹಾಯುತ್ತಿರಲಿಲ್ಲ, ಕುಡಿಯುವವರು ಪುಸ್ತಕ ಮುಟ್ಟುತ್ತಿರಲಿಲ್ಲ. ಮಾಮಾ ಮಾತ್ರ ಎರಡೂ ಪಂಕ್ತಿಯಲ್ಲಿ ಕೂತು ಉಣ್ಣುವವನು. ವರ್ಗದಲ್ಲಿ ಅವನೇ ಮೊದಲಿಗ, ಪಾರ್ಟಿಗಳಲ್ಲಿ ಅವನಿಲ್ಲದೆ ಬಾಟಲಿ ತೆರೆಯುತ್ತಿರಲಿಲ್ಲ.

ಇದಕ್ಕೆ ಅವನು ಒಂದು ಉಪಾಯ ಮಾಡಿಕೊಂಡಿದ್ದ. ನಮ್ಮ ಮನೆತನದವರು ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಹುಟ್ಟಿದಾಗ ಕಟ್ಟಿದ್ದು ಸಾಯುವವರೆಗೆ ಮೈಬಿಟ್ಟು ಅಗಲಬಾರದು. ಮಾಮಾ ಖೋಲಿಯ ಗೋಡೆಗೆ ಒಂದು ಗೂಟ ಬಡಿದಿದ್ದ. ಪಾರ್ಟಿಗೆ ಹೊರಟನೆಂದರೆ ಕರಡಿಗೆ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ. ಬಂದು ತಣ್ಣೀರು ಸುರಿದುಕೊಂಡು ಮತ್ತೆ ಕಟ್ಟಿಕೊಂಡನೆಂದರೆ ಮುಗಿಯಿತು, ಗವರ್ನರ್ ಬಂದು ಕರೆದರೂ ಪುಸ್ತಕ ಬಿಟ್ಟು ಏಳುತ್ತಿರಲಿಲ್ಲ.

“ಕೊರಳಾಗ ಇದ್ದಾಗ ಓದು, ಗೂಟಕ್ಕಿದ್ದಾಗ ಕುಣಿ. ಎರಡೂ ಕಲಸಿದಿ ಅಂದ್ರ ಹಲ್ಲು ಉದುರಸ್ತೇನಿ,” ಎಂದು ನನಗೆ ಮೊದಲ ದಿನವೇ ಹೇಳಿದ್ದ. ಬರಿಯ ಮಾತಲ್ಲ ಅದು. ಪರೀಕ್ಷೆ ಹತ್ತಿರ ಬಂದಾಗ ನಾನು ಕರಡಿಗೆ ಕಟ್ಟಿಕೊಂಡೇ ಒಂದು ನಾಟಕಕ್ಕೆ ಹೋಗಿ ಬಂದೆ. ಮೆಟ್ಟಿಲ ಮೇಲೆ ಹಿಡಿದು ಹೊಡೆದ. ಕೆಳಗಿನ ಮೆಟ್ಟಿಲು ಮುಟ್ಟುವಷ್ಟರಲ್ಲಿ ನನ್ನ ತುಟಿ ಸೀಳಿತ್ತು. ಆಮೇಲೆ ತಾನೇ ಅರಿಷಿಣ ಹಚ್ಚಿ, ಕಂದೀಲಿನ ಬತ್ತಿ ಏರಿಸಿ, “ತೆಗಿ ಪುಸ್ತಕ” ಎಂದ. ಅವನ ಪ್ರೀತಿಗೆ ಯಾವಾಗಲೂ ಸ್ವಲ್ಪ ರಕ್ತದ ರುಚಿ ಇರುತ್ತಿತ್ತು.

ಅವನ ಕೊನೆಯ ವರ್ಷದ ಡಿಸೆಂಬರಿನ ನಾತಾಳ ಸೂಟಿಯಲ್ಲಿ ಪುಣೆಯ ಗೆಳೆಯರನ್ನು ಸೀತನಿ ತಿನ್ನಲು ಕುಲಗೋಡಕ್ಕೆ ಕರೆತಂದ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಕಂಬಳಿಯೊಳಗಿಟ್ಟು ಬಡಿದು, ಉದುರಿದ ಬಿಸಿ ಕಾಳನ್ನು ಬೆಲ್ಲದ ಸಂಗಡ ತಿನ್ನುವ ಸುಖ ಪುಣೆಯಲ್ಲೆಲ್ಲಿ ಸಿಗಬೇಕು? ಗೆಳೆಯರು ತಮ್ಮ ಪಾಲಿಗೆ ಬಾಟಲಿ ತಂದಿದ್ದರು. ಮಾಮಾ ಎಂದಿನಂತೆ ಕರಡಿಗೆ ಬಿಚ್ಚಿದ. ಹೊಲದಲ್ಲಿ ಗೂಟವೆಲ್ಲಿಯದು? ಬೇವಿನ ಗಿಡದ ಟೊಂಗೆಗೆ ಹಾಕಿದ.

ಮಟಮಟ ಮಧ್ಯಾಹ್ನ. ಮಾಮಾ ಬಡಿಗೆ ಹಿಡಿದು ತೆನೆ ಬಡಿಯುತ್ತಿದ್ದ. ಇನಾಮದಾರನ ಮಗನೊಬ್ಬನಿಗೆ ಅಮಲು ಏರಿ ಚೇಷ್ಟೆ ಹೊಳೆಯಿತು. ಕರಡಿಗೆ ಇಳಿಸಿಕೊಂಡು ಬ್ರಾಂಡಿ ಬಾಟಲಿಯ ಕೊರಳಿಗೆ ಹಾಕಿ ಎಲ್ಲರ ನಡುವೆ ಇಟ್ಟು ಕೈಮುಗಿದ. ಎಲ್ಲರೂ ಹೋ ಎಂದು ನಕ್ಕರು.

ಮಾಮಾ ತಿರುಗಿ ನೋಡಿದ. ಬಡಿಗೆಯನ್ನು ದೂರ ಎಸೆದ. ಅದನ್ನು ನಾನು ಕಣ್ಣಾರೆ ಕಂಡೆ. ಮೊದಲ ಗುದ್ದಿಗೇ ಆ ಹುಡುಗನ ದವಡೆ ಮುರಿದದ್ದು ಒಣ ದಂಟು ಮುರಿದಂತೆ ಕೇಳಿಸಿತು. ಬಿದ್ದವನ ಎದೆಯ ಮೇಲೆ ಕೂತು ಮತ್ತೆ ಗುದ್ದಿದ, ಮತ್ತೂ ಗುದ್ದಿದ. ಹುಡುಗ ಮುಖ ಹೊರಳಿಸಿದಾಗ ಒಂದು ಏಟು ಒಲೆಯ ಕಲ್ಲಿಗೆ ಬಿತ್ತು. ಗೆಣ್ಣು ಹೋದದ್ದು ಆಗಲೇ. ಕಂಬಳಿಯ ಮೇಲಿನ ಹಸಿರು ಕಾಳೆಲ್ಲ ರಕ್ತದಲ್ಲಿ ತೊಯ್ದವು. ನಾವು ನಾಲ್ಕು ಜನ ಕೂಡಿ ಎಳೆಯದಿದ್ದರೆ ಅಂದು ಒಂದು ಹೆಣ ಬೀಳುತ್ತಿತ್ತು.

ಹುಡುಗ ಬದುಕಿದ, ಒಂದು ಕಣ್ಣು ಮಾತ್ರ ಮಂಜಾಯಿತು. ಅವನ ಅಪ್ಪನ ದೂರು ಪ್ರಿನ್ಸಿಪಾಲರಿಗೆ ಹೋಯಿತು. ಮಾಮಾನ ಡಿಗ್ರಿ ಇನ್ನು ಒಂದೇ ಪರೀಕ್ಷೆಯಷ್ಟು ದೂರವಿತ್ತು.

“ಕೊರಳಾಗಿಂದ ಕಿತ್ಗೊಂಡ ಅಂತ ಹೇಳು ಮಾಮಾ,” ಎಂದು ನಾನು ಗೋಗರೆದೆ. “ಲಿಂಗಕ್ಕ ಕೈ ಹಾಕಿದ ಅಂದ್ರ ಯಾರೂ ನಿನಗ ಏನೂ ಅನ್ನೂದಿಲ್ಲ.”

ಅಜ್ಜನೂ ಬಾಯಿಬಿಟ್ಟು ಕೇಳಿದ. “ಅಂವ ಕಿತ್ಗೊಂಡನೇನೋ? ಹೂಂ ಅನ್ನು, ಊರಿಗೆ ಊರ ನಿನ್ನ ಬೆನ್ನಿಗೆ ನಿಲ್ತೈತಿ.”

ಮಾಮಾ ಬಟ್ಟೆ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದ. “ಇಲ್ಲಪ್ಪಾ. ಬಿಚ್ಚಿ ಇಟ್ಟಾಂವ ನಾನ. ಹೊಡೀಬೇಕಾದ್ದು ನನ್ನನ್ನ, ಅಂವನ್ನ ಹೊಡದೆ.” ಅಜ್ಜ ತಲೆಯ ಮೇಲಿನ ಪಟಗ ತೆಗೆದು ಪಕ್ಕಕ್ಕಿಟ್ಟ.

ಪ್ರಿನ್ಸಿಪಾಲರ ಮುಂದೆಯೂ ಅದೇ ಮಾತು. ಅವನ ಹೆಸರು ಹೊಡೆದುಹಾಕಿದರು. ಖೋಲಿಗೆ ಬಂದವನೇ ಗೂಟವನ್ನು ಎಡಗೈಯಿಂದ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ, ಗೋಡೆಯ ಗಾರೆ ಸಮೇತ ಬಂತು. “ನನ್ನಂಗ ಎರಡೂ ತೂಗಸಾಕ ಹೋಗಬ್ಯಾಡ,” ಎಂದು ಅದನ್ನು ಕಿಟಕಿಯಾಚೆ ಒಗೆದು ಸ್ಟೇಶನ್ನಿಗೆ ಹೊರಟ. ಗೋಡೆಯ ಆ ತೂತು ನೋಡುತ್ತಲೇ ನಾನು ಬಿ.ಎ. ಮುಗಿಸಿದೆ, ಕಾಯಿದೆ ಓದಿದೆ. ನನ್ನನ್ನೂ ಪಾರ್ಟಿಗೆ ಕರೆಯುತ್ತಿದ್ದರು. ಮನಸ್ಸಾಗದೆ ಇರಲಿಲ್ಲ. ಕೈ ಕೊರಳಿಗೆ ಹೋದಾಗ ಗೂಟ ಇರುತ್ತಿರಲಿಲ್ಲ.

ಊರಿಗೆ ಮರಳಿದ ಮಾಮಾ ಸಾಧುವೇನೂ ಆಗಲಿಲ್ಲ. ನೇಗಿಲು ಹಿಡಿದ, ಜಗಳ ಬಂದರೆ ಬಿಡಲಿಲ್ಲ. ವರ್ಷವರ್ಷ ಸೀತನಿಗೆ ಊರನ್ನೇ ಕರೆಯುತ್ತಿದ್ದ, ಬಾಟಲಿ ಮಾತ್ರ ಹೊಲದ ಬದು ದಾಟುತ್ತಿರಲಿಲ್ಲ. ನಾನು ಸೂಟಿಗೆ ಹೋದಾಗ ಅದೇ ಬೇವಿನ ಕೆಳಗೆ ಕೂರಿಸಿ ಕಾಯಿದೆ ಪುಸ್ತಕ ಓದಿಸುತ್ತಿದ್ದ. ತಡವರಿಸಿದರೆ ತಲೆಗೊಂದು ಬೀಳುತ್ತಿತ್ತು. ಜನ ಅವನನ್ನು ವಕೀಲರ ಎನ್ನುವುದು ಬಿಟ್ಟಿದ್ದರು. ನಾನು ಹುಕ್ಕೇರಿಯ ಕೋರ್ಟಿನಲ್ಲಿ ಮೊದಲ ಸಲ ಕರಿ ಕೋಟು ಹಾಕಿದ ದಿನ ಅವನು ಬಾಗಿಲಲ್ಲಿ ನಿಂತು ಮಗುವಿನಂತೆ ಅತ್ತ.

ಅದಾಗಿ ಕೆಲವು ವರ್ಷಕ್ಕೆ ತುಕ್ಕಾನಟ್ಟಿಯಲ್ಲಿ ಅಣ್ಣತಮ್ಮಂದಿರಿಬ್ಬರು ಬಾವಿಯ ನೀರಿಗಾಗಿ ಕೊಡಲಿ ಎತ್ತಿದರು. ಬಿಡಿಸಲು ನಡುವೆ ನುಗ್ಗಿದ ಮಾಮಾನ ಕೊರಳ ಬುಡಕ್ಕೆ ಏಟು ಬಿತ್ತು. ನಾನೂ ಅವನ ಜೊತೆ ಹೋಗಿದ್ದೆ. ಗೋಕಾಕದ ದವಾಖಾನೆಗೆ ಚಕ್ಕಡಿ ಹೂಡಿದೆವು. ನನ್ನ ತೊಡೆಯ ಮೇಲೆ ಅವನ ತಲೆ, ನನ್ನ ಧೋತರವೆಲ್ಲ ಬೆಚ್ಚಗೆ ನೆನೆದಿತ್ತು. ಆ ಮುರುಕು ಗೆಣ್ಣಿನ ಕೈ ಕೊರಳ ಹತ್ತಿರ ಏನನ್ನೋ ತಡಕಾಡುತ್ತಿತ್ತು.

“ಯಾರು ಬಿಚ್ಚಿದ್ರೋ?” ಎಂದ.

ಕೊಡಲಿ ದಾರವನ್ನೂ ಕಡಿದಿತ್ತು. ಮಣ್ಣಿನಲ್ಲಿ ಬಿದ್ದಿದ್ದ ಕರಡಿಗೆಯನ್ನು ನಾನು ಆರಿಸಿ ತಂದಿದ್ದೆ. ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. “ಯಾರೂ ಬಿಚ್ಚಿಲ್ಲ ಮಾಮಾ. ತಾನ ಹರದೈತಿ.”

“ಖರೆ?”

“ಖರೇನ ಮಾಮಾ.”

ಗೋಕಾಕ ಕಾಣುವ ಮೊದಲೇ ಉಸಿರು ನಿಂತಿತು.

ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಲಿಂಗವನ್ನು ಎಡ ಅಂಗೈಯಲ್ಲಿ ಇಡುತ್ತಾರೆ. ಅಯ್ಯನವರು ಕುಣಿಗೆ ಇಳಿದು ಕರಡಿಗೆ ಹಿಡಿದ ಬಲಗೈ ಬಿಡಿಸಲು ನೋಡಿದರು. ಆ ಮುಷ್ಟಿ ಬಿಡಲಿಲ್ಲ. “ಎಡಗೈಯಾಗ ಇಡಬೇಕಲ್ರಿ ವಕೀಲರ,” ಎಂದು ಮೇಲೆ ನನ್ನ ಕಡೆ ನೋಡಿದರು.

“ಹಂಗ ಇರ್ಲಿ ಬಿಡ್ರಿ,” ಎಂದೆ. “ಇನ್ನ ಬಿಚ್ಚೂದು ಬ್ಯಾಡ.”