ಫ್ಯಾನಿಲ್ಲದ ಕಂಪ್ಯೂಟರ್

ಕಣ್ಣಿಗೆ ಬಿದ್ದ ಕಸವನ್ನಾದರೂ ತೆಗೆಯಬಹುದು, ಎದುರುಮನೆಯವರು ನೆಡಿಸಿದ ಕರೆಂಟ್ ಕಂಬವನ್ನು ತೆಗೆಯುವುದು ಹೇಗೆ? ಜಪಾನಿನ ಹಮಾಮತ್ಸುವಿನಲ್ಲಿ ಅಪ್ಪನ ಕಾಲದ ಲಾಂಡ್ರಿ ನಡೆಸುತ್ತಿದ್ದ ಉಗಾಕಿಗೆ ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಆ ಕಂಬದ ದರ್ಶನ. ಎದುರುಮನೆಯ ದಂತವೈದ್ಯ ನಾಗಮಿನೆ ಅದನ್ನು ನೆಡಿಸಿದ್ದು ಹಾಡು ಕೇಳುವುದಕ್ಕೆ. ಬೀದಿಯ ವಾಷಿಂಗ್ ಮಷೀನುಗಳ ಜೊತೆ ಹಂಚಿಕೊಂಡ ಕರೆಂಟಿನಲ್ಲಿ ಪಿಟೀಲಿನ ದನಿ ಕೊಳೆಯಾಗುತ್ತದಂತೆ. ಅದಕ್ಕೇ ತನಗೆ ಬೇರೆ ಕಂಬ, ಬೇರೆ ಟ್ರಾನ್ಸ್‌ಫಾರ್ಮರ್. ಬೀದಿಯಲ್ಲಿ ವಾಷಿಂಗ್ ಮಷೀನುಗಳಿರುವುದು ಯಾರ ಅಂಗಡಿಯಲ್ಲಿ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಉಗಾಕಿಯೇನು ಹಾಡಿನ ಗಂಧ ಇಲ್ಲದವನಲ್ಲ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟರೆ ಅವನ ಕೈ ಹೋಗುತ್ತಿದ್ದುದೇ ಸ್ಪೀಕರುಗಳಿಗೆ. ಆ ಊರಿನ ಹಾಡಿನ ಹುಚ್ಚರಲ್ಲಿ ಒಂದು ರಿವಾಜಿದೆ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೇಳುತ್ತಾರೆ, ಚೆನ್ನಾಗಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಒಳ್ಳೇ ಮಷೀನು’ ಅಂದರೆ ಮುಗಿಯಿತು, ಹಾಡು ಹಿಡಿಸಲಿಲ್ಲ ಎಂದೇ ಅರ್ಥ. ನಿಜವಾಗಿ ಹಿಡಿಸಿದರೆ ಬರುವ ಮಾತೇ ಬೇರೆ: ‘ಇನ್ನೊಂದು ಹಾಕಿ.’

ಕಂಬ ಬಂದ ಸಂಭ್ರಮಕ್ಕೆ ನಾಗಮಿನೆ ಉಗಾಕಿ ದಂಪತಿಯನ್ನು ಮನೆಗೆ ಕರೆದಿದ್ದರು. ಹಾಡು ಮುಗಿಯಿತು. ಕಣ್ಣು ಮುಚ್ಚಿ ಕೂತಿದ್ದ ಉಗಾಕಿಯ ಹೆಂಡತಿ ಫುಜಿಯೆ, “ಡಾಕ್ಟರ್ರೇ, ಇನ್ನೊಂದು ಹಾಕಿ” ಎಂದುಬಿಟ್ಟಳು. ಉಗಾಕಿಯ ಹೊಟ್ಟೆಗೆ ಬೆಂಕಿ ಬಿತ್ತು. ಮದುವೆಯಾದಂದಿನಿಂದ ಅವಳು ಆ ಮಾತನ್ನು ಅವನಿಗೆ ಒಮ್ಮೆಯೂ ಅಂದಿರಲಿಲ್ಲ. ತನ್ನ ಮನೆಯಲ್ಲಿ, ಅವಳ ಬಾಯಲ್ಲೇ, ಅದನ್ನು ಹೇಳಿಸದೆ ಬಿಡುವುದಿಲ್ಲ ಎಂದುಕೊಂಡ.

ಕಂಬ ನೆಡಿಸುವ ತಾಕತ್ತಿರಲಿಲ್ಲ. ಕಂಪ್ಯೂಟರನ್ನಾದರೂ ಬದಲಿಸಬಹುದಿತ್ತು. ಸಿ.ಡಿ.ಗಳ ಹಾಡುಗಳನ್ನೆಲ್ಲ ತುಂಬಿಸಿಟ್ಟಿದ್ದ ಹಳೆಯದು ಹಾಡಿನ ನಡುವೆ ಬುಸುಗುಡುತ್ತಿತ್ತು.

“ಯಾವುದಕ್ಕೆ ಸರ್? ಗೇಮಿಗಾ, ಆಫೀಸಿಗಾ?” ಎಂದಳು ಕಂಪ್ಯೂಟರ್ ಅಂಗಡಿಯ ಹುಡುಗಿ.

“ಹಾಡಿಗಮ್ಮ. ಇರೋದ್ರಲ್ಲಿ ಭಾರೀದು ಕೊಡು.”

“ಭಾರೀದಾದ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ಫ್ಯಾನ್ ತಿರುಗುತ್ತೆ. ನೀವು ಹಾಡು ಕೇಳ್ತೀರೋ, ಫ್ಯಾನ್ ಕೇಳ್ತೀರೋ?”

ಅವಳು ತೋರಿಸಿದ್ದು ಊಟದ ಡಬ್ಬಿಯಷ್ಟಿದ್ದ ಪೆಟ್ಟಿಗೆ. ಅದರೊಳಗೆ ಫ್ಯಾನಿಲ್ಲ, ತಿರುಗುವ ಯಾವ ವಸ್ತುವೂ ಇಲ್ಲ. ಹಾಡು ಆರಿಸುವುದಕ್ಕೆ ಕೈಯಲ್ಲೊಂದು ಟ್ಯಾಬ್ಲೆಟ್.

“ನಾಗಮಿನೆ ಡಾಕ್ಟರು ನಿಮ್ಮಲ್ಲೇ ಅಲ್ವಾ ತಗೊಂಡಿದ್ದು? ಇದೇನಾ?”

“ಅವರದು ಇದಕ್ಕಿಂತ ಹಳೇದು ಸರ್.”

ಉಗಾಕಿಗೆ ಅಷ್ಟು ಸಾಕಾಯಿತು. ಬೆಲೆಯನ್ನೂ ಕೇಳಲಿಲ್ಲ.

ಭಾನುವಾರ ಫುಜಿಯೆಯನ್ನು ಕರೆದು ಎದುರಿಗೆ ಕೂರಿಸಿದ. ಹಾಡು ಶುರುವಾಯಿತು, ಬುಸುಬುಸು ಇಲ್ಲವೇ ಇಲ್ಲ. ಬಾಸಿನ ದಪ್ಪ ದನಿ ಸ್ವಲ್ಪ ಹೆಚ್ಚಾಯಿತೇನೋ ಎಂದು ಟ್ಯಾಬ್ಲೆಟ್ಟಿನಲ್ಲಿ ತಗ್ಗಿಸಿದ. ಎದ್ದು ಹೋಗಿ ಎಡಗಡೆಯ ಸ್ಪೀಕರನ್ನು ಒಂದಿಷ್ಟು ಸರಿಸಿದ. ಬೇರೆ ಹಾಡಿನಲ್ಲಿ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆಂದು ಇದನ್ನು ನಿಲ್ಲಿಸಿ ಅದನ್ನು ಹಾಕಿದ.

“ಹೇಗಿದೆಯೇ?”

“ಒಳ್ಳೇ ಮಷೀನು,” ಅಂದಳು ಫುಜಿಯೆ.

ಉಗಾಕಿ ಹಾಡು ನಿಲ್ಲಿಸಿದ. “ಆ ಹಲ್ಲು ಕೀಳೋನ ಕಂಬದಲ್ಲಿ ಅಂಥದ್ದೇನಿದೆಯೇ?”

“ಕಂಬ ಯಾರಿಗೆ ಬೇಕಿತ್ತು ರೀ? ಅವರು ಹಾಡು ಹಾಕಿ ಕೈಕಟ್ಟಿ ಕೂತ್ಕೋತಾರೆ. ನೀವು ಯಾವತ್ತು ಕೂತಿದ್ರಿ? ಈ ಮನೇಲಿ ಒಂದು ಹಾಡು ಕೊನೆ ಮುಟ್ಟಿದ್ದನ್ನ ನಾನು ಕೇಳೇ ಇಲ್ಲ. ಫ್ಯಾನಿಲ್ಲದ ಕಂಪ್ಯೂಟರ್ ತಂದ್ರಿ ಸರಿ, ತಿರುಗೋದಕ್ಕೆ ನೀವೇ ಇದ್ದೀರಲ್ಲ!”

ಉಗಾಕಿ ಹಾಡನ್ನು ಮೊದಲಿನಿಂದ ಹಾಕಿದ. ಟ್ಯಾಬ್ಲೆಟ್ಟನ್ನು ಅವಳ ಕೈಗೆ ಕೊಟ್ಟು, ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ಹಾಡು ನಡೆಯಿತು. ಬಾಸ್ ಈಗ ಕಡಿಮೆಯೇ ಆಗಿತ್ತು, ಸ್ಪೀಕರ್ ಸೊಟ್ಟಗಿತ್ತು. ಬೆರಳುಗಳು ಒದ್ದಾಡಿದವು, ಅವನು ಬಿಡಲಿಲ್ಲ. ಫುಜಿಯೆಯ ಕಣ್ಣು ಮೆಲ್ಲಗೆ ಮುಚ್ಚಿಕೊಂಡಿತು. ಕೊನೆಯ ಸ್ವರವೂ ಅಡಗಿತು.

ಈಗ ಹೇಳುತ್ತಾಳೆ ಎಂದು ಉಗಾಕಿ ಅವಳ ಬಾಯನ್ನೇ ನೋಡಿದ. ಅವಳು ಕಣ್ಣು ತೆರೆದಳು. ಅವನತ್ತ ನೋಡಲೂ ಇಲ್ಲ, ಟ್ಯಾಬ್ಲೆಟ್ಟಿನ ಮೇಲೆ ಬೆರಳಾಡಿಸಿ ಇನ್ನೊಂದನ್ನು ತಾನೇ ಹಾಕಿಕೊಂಡಳು.

ಉಗಾಕಿಗೆ ಕಂಬ ಮರೆತೇಹೋಯಿತು. ಈಗ ಹೊಟ್ಟೆ ಉರಿಯುತ್ತಿದ್ದುದು ತನಗೆ ಬರಬೇಕಿದ್ದ ‘ಇನ್ನೊಂದು’ ಗಿಟ್ಟಿಸಿಕೊಂಡ ಆ ಪುಟ್ಟ ಪೆಟ್ಟಿಗೆಯ ಮೇಲೆ.