ಹೋಗುವ ಸುತ್ತು, ಬರುವ ಸುತ್ತು

ಕಾಕಾ ಅವರ ಹುಬ್ಬು ಎಂದೂ ಪೂರ್ತಿ ಬೆಳೆದದ್ದಿಲ್ಲ. ಕುಲುಮೆಯ ಝಳಕ್ಕೆ ಸುಟ್ಟು, ಚಿಗುರಿ, ಮತ್ತೆ ಸುಟ್ಟು, ಕಣ್ಣಿನ ಮೇಲೆ ಕಂದು ನೆರಳಷ್ಟೇ ಉಳಿದಿತ್ತು. ಅದರಿಂದಲೋ ಏನೋ, ಅವರ ಮುಖ ಸದಾ ಈಗಷ್ಟೇ ಕನಸಿನಿಂದ ಎದ್ದವರ ಹಾಗೆ.

ಬೆಳಗಾವಿ ಕಡೆಯ ಕಮ್ಮಾರರು. ಪುಣೆಯ ವಾಡೆಯಲ್ಲಿ ನನ್ನ ಖೋಲಿಗೆ ಅಂಟಿಕೊಂಡೇ ಅವರ ಕುಲುಮೆ. ನಾನು ಹಳೆ ಕಬ್ಬಿಣದ ವ್ಯಾಪಾರಿ. ಬರಿಗೈಲಿ ಬಂದು ನಾಲಿಗೆಯಿಂದಲೇ ಅಂಗಡಿ ಕಟ್ಟಿದವನು. ಸಂಬಂಧವೇನಿಲ್ಲ, ಆದರೂ ಕಾಕಾ ಎನ್ನುತ್ತಿದ್ದೆ.

ಒಮ್ಮೆ ಡೇರೆ ಸಿನೆಮಾದಲ್ಲಿ ಅವರೊಂದು ವಿಲಾಯ್ತಿ ಗಾಡಿ ನೋಡಿ ಬಂದರು. ಅದಕ್ಕೆ ಗಾಲಿಯಿಲ್ಲ. ಅಡಿಯಲ್ಲಿ ಎರಡು ಉದ್ದನೆಯ ಪೀಪಾಯಿ, ಅವುಗಳ ಮೈಗೆ ಸ್ಕ್ರೂವಿನ ಹಾಗೆ ಸುತ್ತಿದ ಕಬ್ಬಿಣದ ಪಟ್ಟಿ. ಪೀಪಾಯಿ ತಿರುಗಿದಂತೆ ಗಾಡಿ ಹಿಮ ಕೊರೆಯುತ್ತ ಮುಂದೆ ಹೋಗುತ್ತದಂತೆ.

“ಹಿಂಜಿದ ಅರಳಿ ಹಾಸಿದ್ಹಂಗ ಹಿಮಾ. ಅದರ ಮ್ಯಾಲ ತೇಲಿಕೋತ ಹೋತು ನೋಡ್ರಿ.”

“ನಮ್ಮಲ್ಲಿ ಹಿಮಾ ಎಲ್ಲಿ ಅದರಿ ಕಾಕಾ?”

“ರಾಡಿ ಅದ ಅಲ್ಲ?”

ಇತ್ತು. ಅವರ ಒಬ್ಬಳೇ ಮಗಳನ್ನು ಯೆರವಡೆಯ ಆಚೆ ಹೊಲಮನೆಗೆ ಕೊಟ್ಟಿತ್ತು. ಚೊಚ್ಚಲ ಬಸುರಿ, ಹೆರಿಗೆ ತವರಲ್ಲೇ ಆಗಬೇಕು. ಬಿತ್ತನೆ ಮುಗಿಯಲಿ ಎಂದು ಬೀಗರು ತಡೆಯುವಷ್ಟರಲ್ಲಿ ಮಳೆ ಹಿಡಿಯಿತು. ಹೊಲಮನೆಗೂ ಸಡಕಿಗೂ ನಡುವೆ ಎರೆಮಣ್ಣಿನ ರಾಡಿ, ಒಂದು ಹಳ್ಳ. ಚಕ್ಕಡಿ ಅಚ್ಚಿನ ತನಕ ಹೂಳುತ್ತಿತ್ತು. ಡೋಲಿ ಹೊರುವವರೂ ಒಲ್ಲೆವು ಎಂದರು.

ಅಂಥದೇ ಗಾಡಿ ಕಟ್ಟಿ ಮಗಳನ್ನು ಕರೆತರುತ್ತೇನೆಂದು ಕಾಕಾ ಹೊರಟರು. ಮಿಲಿಟರಿ ಹರಾಜಿನಲ್ಲಿ ಹಳೆ ಮೋಟಾರಿನ ಎಂಜಿನ್ ನಾನೇ ಕೊಡಿಸಿದೆ. (ಹರಾಜಿನಲ್ಲಿ ಬೇಕಾದ ವಸ್ತುವಿನ ಹತ್ತಿರ ನಿಲ್ಲಬೇಡಿ, ಬೇಡವಾದದ್ದನ್ನು ಮುಟ್ಟಿ ಮುಟ್ಟಿ ನೋಡಿ.) ಗಾಡಿ ಸಿದ್ಧವಾಯಿತು. ಹೊಳೆದಂಡೆಯ ರಾಡಿಯಲ್ಲಿ ಎಂಜಿನ್ ಕೆಮ್ಮಿತು, ಪೀಪಾಯಿಗಳು ಒಂದು ಬಲಕ್ಕೆ ಒಂದು ಎಡಕ್ಕೆ ತಿರುಗಿದವು, ಗಾಡಿ ನಿಂತಲ್ಲೇ ಗಿರಗಿರ ಸುತ್ತಿತು. ಬಟ್ಟೆ ಒಗೆಯುತ್ತಿದ್ದ ಅಗಸ ಮರಾಠಿಯಲ್ಲಿ ಕೇಳಿದ: “ಕಾಕಾ, ಪ್ರದಕ್ಷಿಣೆಯೇನೋ ಶುರುವಾಯಿತು. ದೇವರು ಎಲ್ಲಿ?”

ತಪ್ಪು ನನಗೆ ಕಂಡಿತು. ಎರಡೂ ಪೀಪಾಯಿಗೆ ಪಟ್ಟಿಯನ್ನು ಒಂದೇ ರೀತಿ, ದೇವರಿಗೆ ಸುತ್ತು ಬರುವ ಹಾಗೆ ಬಲಕ್ಕೇ ಸುತ್ತಿದ್ದರು. ಒಂದು ಮುಂದೆ ದೂಡಿದರೆ ಇನ್ನೊಂದು ಹಿಂದೆ ಎಳೆಯುತ್ತಿತ್ತು.

“ಒಂದನ್ನ ಎಡಕ್ಕ ಸುತ್ತ್ರಿ, ಮುಗೀತು.”

“ಎಡಸುತ್ತು ಹಾಕೂದು ಸುಡುಗಾಡಿನಾಗ. ಮಗಳು ಕೂಡೂ ಗಾಡಿಗೆ ನಾ ಹಾಕಂಗಿಲ್ಲ.”

“ಅದು ಕಬ್ಬಿಣರಿ. ಅದಕ್ಕೇನು ಗೊತ್ತು?”

“ಅದಕ್ಕ ಗೊತ್ತಿಲ್ಲ. ನನಗ ಗೊತ್ತದಲ್ಲ.”

ಗಿರಾಕಿಗಳಿಗೆ ಹೇಳುವ ಮಾತನ್ನೆಲ್ಲ ಹೇಳಿದೆ. ಅವರು ನೀರು ನೋಡುತ್ತ ಕೂತೇ ಇದ್ದರು. ಮೋಡದ ನೆರಳು ಹೊಳೆ ಹಾಯುತ್ತಿತ್ತು. ನೀರು ಹರಿಯುತ್ತಿದೆಯೋ, ದಂಡೆಯೇ ಸರಿಯುತ್ತಿದೆಯೋ ತಿಳಿಯದಂಥ ಮಧ್ಯಾಹ್ನ.

ಕೊನೆಗೆ ಅಂದರು, “ಒಂದನ್ನ ಈ ತುದಿಯಿಂದ ಆ ತುದಿಗೆ ಹೋಗ್ತ ಸುತ್ತತೀನಿ. ಇನ್ನೊಂದನ್ನ ಆ ತುದಿಯಿಂದ ನನ್ನ ಕಡೆ ಬರ್ತ ಸುತ್ತತೀನಿ. ಕೈ ಎರಡಕ್ಕೂ ಬಲಕ್ಕೇ.”

ನಾನು ಬೆರಳಿಗೆ ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ ದಾರ ಸುತ್ತಿ ನೋಡಿದೆ. ಕೈ ಬಲಕ್ಕೇ ತಿರುಗಿತ್ತು. ಎರಡನೆಯ ಸುತ್ತು ಮಾತ್ರ ಉಲ್ಟಾ ಬಿದ್ದಿತ್ತು.

ಗಾಡಿಯನ್ನು ಚಕ್ಕಡಿಗೆ ಹೇರಿ ಹೊಲಮನೆಯ ಕಡೆಯ ಸಡಕಿನ ತನಕ ಒಯ್ದೆವು. ಈ ಸಲ ಅದು ರಾಡಿಯನ್ನು ಉಳುತ್ತ ನೇರ ಹೋಯಿತು, ಹಳ್ಳದಲ್ಲಿ ಪೊಳ್ಳು ಪೀಪಾಯಿಗಳ ಮೇಲೆ ತೇಲಿತು. ನಾನು ಸಡಕಿನಲ್ಲಿ ಕಾಯುತ್ತಿದ್ದೆ. ಜಿನುಗು ಮಳೆಯ ಮಬ್ಬಿನಲ್ಲಿ ಗಾಡಿ ಕಾಣಲಿಲ್ಲ. ಕಂಬಳಿ ಹೊದ್ದ ಮಗಳು, ಪಕ್ಕದಲ್ಲಿ ಕಾಕಾ, ಇಬ್ಬರೇ ಗಾಳಿಯಲ್ಲಿ ಕೂತು ಬರುವ ಹಾಗಿತ್ತು.

“ಅಪ್ಪಾ, ಭಾಳ ಅಲುಗಾಡಸಬ್ಯಾಡ.”

“ಸುಮ್ಮ ಕೂಡವಾ. ವಿಲಾಯ್ತಿ ಗಾಡಿ ಇದು.”

ಮೊಮ್ಮಗಳು ಅಂಗಳದಲ್ಲಿ ಓಡಾಡುವಷ್ಟು ದೊಡ್ಡವಳಾದ ಮೇಲೆ ಕಾಕಾ ತೀರಿಕೊಂಡರು. ಇರುವ ತನಕ ಗಾಡಿಯನ್ನು ಮತ್ತೆ ಹೊರತೆಗೆಯಲೇ ಇಲ್ಲ. ಕೇಳಿದವರಿಗೆ “ಅದರ ಕೆಲಸ ಆತಲ್ಲ” ಎನ್ನುತ್ತಿದ್ದರು.

ಅವರ ಋಣ ನನ್ನ ಅಂಗಡಿ ತುಂಬ ಇದೆ. ಎದುರಿನವನು ಒಂದು ಮಾತು ಬಿಡಲಾರೆ ಎಂದು ನಿಂತರೆ ಮೊದಲೆಲ್ಲ ಆ ಮಾತನ್ನೇ ಮುರಿಯಲು ನೋಡುತ್ತಿದ್ದೆ. ಈಗ ಅದನ್ನು ಅವನ ಕೈಯಲ್ಲೇ ಬಿಟ್ಟು, ಆಚೆ ತುದಿಯಿಂದ ಶುರು ಮಾಡುತ್ತೇನೆ. ನೀವೂ ಮಾಡಿ ನೋಡಿ.