ಅರ್ಲಿಂಡೊ ಕಾದ ಗಾಳಿ

ನನ್ನ ಗಂಡ ಅರ್ಲಿಂಡೊ ನಮ್ಮ ದ್ವೀಪದ ಸಾಂತಾ ಮರಿಯಾ ಊರಿನ ಬೇಕರಿಯಲ್ಲಿ ಬ್ರೆಡ್ಡು ಮಾಡುತ್ತಾನೆ. ಆದರೆ ಅವನ ಜೀವವೆಲ್ಲ ಇರುವುದು ಹಾಯಿಹಲಗೆಯ ಮೇಲೆ. ಅಲೆಯ ಮೇಲೊಂದು ಹಲಗೆ, ಹಲಗೆಗೊಂದು ಹಾಯಿ, ಹಾಯಿಗೆ ಜೋತುಬಿದ್ದ ಈ ಮಹಾರಾಯ. ಚಿಕ್ಕಂದಿನಲ್ಲಿ ಅವನಿಗೂ ಗೆಳೆಯ ಎಲಿಸಿಯೊಗೂ ಸೇರಿ ಇದ್ದದ್ದು ಒಂದೇ ಹಲಗೆ. ಒಬ್ಬ ನೀರಿಗಿಳಿದರೆ ಇನ್ನೊಬ್ಬ ದಡದಲ್ಲಿ. ಸರದಿ ಕಾಯುತ್ತಲೇ ದೊಡ್ಡವರಾದರು, ಪಕ್ಕಪಕ್ಕದಲ್ಲಿ ಒಮ್ಮೆಯೂ ಹೋಗಲಿಲ್ಲ. ಆಮೇಲೆ ಎಲಿಸಿಯೊ ದುಡಿಯಲು ರಾಟರ್‌ಡ್ಯಾಮಿಗೆ ಹೋದ. ಅರ್ಲಿಂಡೊ ಅವನಿಗೆಂದು ಇನ್ನೊಂದು ಹಲಗೆ ತಂದು ಗೋಡೆಗೆ ಒರಗಿಸಿಟ್ಟ. ಅದರ ಧೂಳು ಒರೆಸುವಾಗ ಅವನ ಮುಖ ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಕಡೆಗೂ ಎಲಿಸಿಯೊ ಬಂದ, ಅದೂ ಎರಡೇ ದಿನಕ್ಕೆ. ಭಾನುವಾರ ಸಂಜೆ ವಾಪಸು ವಿಮಾನ.

ಶನಿವಾರ ಫ್ರಗಾತಾ ದಡದಲ್ಲಿ ಗಾಳಿ ಪರವಾಗಿಲ್ಲ ಎನ್ನುವಂತಿತ್ತು. ಇಬ್ಬರೂ ಹಾಯಿ ಕಟ್ಟಿದರು. ಅಷ್ಟರಲ್ಲಿ ಯಾರದೋ ಫೋನು. ಆಚೆ ಪೊಂತಾ ಪ್ರೆತಾ ದಡದಲ್ಲಿ ಗಾಳಿ ಜೋರಂತೆ.

“ಬಿಚ್ಚೋ, ಬಿಚ್ಚೋ! ಇಷ್ಟು ವರ್ಷ ಕಾದು ಈ ಸೋಂಬೇರಿ ಗಾಳೀಲಿ ಹೋಗೋದಾ?” ಅಂದ ಅರ್ಲಿಂಡೊ.

“ಕೈಲಿರೋದು ಬಿಟ್ಟು ಅದೆಲ್ಲಿಗೆ ಓಡ್ತೀರೋ!” ಅಂದೆ. ಹಾಯಿಯವರಿಗೆ ಇದೊಂದು ರೋಗ, ಪಕ್ಕದ ದಡದ ಗಾಳಿಯೇ ಚಂದ. ಪಿಕಪ್ ಓಡಿಸುವವಳು ನಾನು, ಬೈದುಕೊಂಡೇ ಓಡಿಸಿದೆ. ಅಲ್ಲಿ ಮುಟ್ಟುವಷ್ಟರಲ್ಲಿ ಗಾಳಿ ಬಿದ್ದುಹೋಗಿತ್ತು. ಫ್ರಗಾತಾಕ್ಕೆ ಮರಳಿದರೆ ಅಲ್ಲೂ ಇಲ್ಲ.

ಭಾನುವಾರ ಒಣಹಾಕಿದ ಬಟ್ಟೆ ಕೂಡ ಅಲ್ಲಾಡಲಿಲ್ಲ. ನಮ್ಮೂರಿನ ದಡದಲ್ಲೇ ಹಾಯಿ ಕಟ್ಟಿ ಮರಳಿನ ಮೇಲಿಟ್ಟು ಕಾದದ್ದೇ ಬಂತು. ನಾನು ಕೊಟ್ಟ ಜೋಳ-ಕಾಳಿನ ಕಚುಪಾವನ್ನು ಅರ್ಲಿಂಡೊ ಮುಟ್ಟಲಿಲ್ಲ.

“ಎಲ್ಲಾ ನಾನೇ ಕೆಡಿಸ್ದೆ.”

“ಏಳೋ ಮಂಗ. ಹಾಯಿ ಇಲ್ಲೇ ಬಿದ್ದಿರ್ಲಿ, ಬರೀ ಹಲಗೆ ತಗೋ,” ಅಂದ ಎಲಿಸಿಯೊ.

ಇಬ್ಬರೂ ಹಲಗೆಯ ಮೇಲೆ ಬೋರಲು ಮಲಗಿ, ಕೈಯಲ್ಲೇ ನೀರು ತಳ್ಳುತ್ತ ನೀರಿಗೆ ಚಾಚಿದ ಮೀನುಗಾರರ ಮರದ ಕಟ್ಟೆಯ ತುದಿಗೆ ಬಂದು, ಹಲಗೆಯ ಮೇಲೇ ಕಾಲು ಇಳಿಬಿಟ್ಟು ಕೂತರು. ನಾನು ಮೇಲೆ ಕಟ್ಟೆಯಲ್ಲಿ ನಿಂತಿದ್ದೆ.

“ರಾಟರ್‌ಡ್ಯಾಮಲ್ಲಿ ಯಾರಿದಾರೋ ನಿಂಗೆ?” ಅರ್ಲಿಂಡೊ ಕೇಳಿದ.

“ಯಾರೂ ಇಲ್ಲ ಕಣೋ. ಅಲ್ಲೂ ಸಮುದ್ರ ಇದೆ. ಈಗ ಯಾರ ಸರದಿ ಅಂತ ಕೇಳೋರಿಲ್ಲ.”

ಆಗಲೇ ನನ್ನ ಲಂಗ ಪಟಪಟನೆ ಕಾಲಿಗೆ ಬಡಿಯಿತು. ಸಮುದ್ರವೆಲ್ಲ ಕಪ್ಪಗೆ ನೆರಿಗೆಗಟ್ಟಿತು.

“ಗಾಳಿ ಬಂತು ಕಣ್ರೋ! ಬೇಗ ಹೋಗ್ರೋ, ವಿಮಾನಕ್ಕೆ ಇನ್ನೂ ಹೊತ್ತಿದೆ!” ಕಿರುಚಿದೆ.

ಇಬ್ಬರೂ ತಿರುಗಿ ದಡದ ಹಾಯಿಗಳನ್ನು ನೋಡಿದರು. ಗಾಳಿ ಹಲಗೆಗಳನ್ನು ಒಂದರಿಂದೊಂದು ದೂರ ತಳ್ಳತೊಡಗಿತು. ಎಲಿಸಿಯೊ ಒಂದು ಕೈಯಲ್ಲಿ ಕಟ್ಟೆಯ ಕಂಬ ಹಿಡಿದು, ಇನ್ನೊಂದು ಕೈಯಲ್ಲಿ ಅರ್ಲಿಂಡೊನ ಹಲಗೆಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಬರ್ಲಿ ಬಿಡಿ ಅತ್ತಿಗೆ,” ಅಂದ.

ಅರ್ಲಿಂಡೊ ಕೂಡ ಕೈ ಚಾಚಿ ಎಲಿಸಿಯೊನ ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.